ಮಳೆ ತಡವಾಗಿತ್ತು, ರೈತ ಸೋಮಾರಿಯಾಗಿರಲಿಲ್ಲ

ನನ್ನ ಮಗಳ ಮಗಳು ನಮ್ಮ ಮನೆಯಲ್ಲೇ ಇದ್ದುಕೊಂಡು ಏಳನೇ ತರಗತಿ ಓದುತ್ತಿದ್ದಾಳೆ. ಕನ್ನಡ ಮಾಧ್ಯಮ. ನಮ್ಮದು ಮಡಕಶಿರಾ ಸೀಮೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಕಚೇರಿಯಲ್ಲಿ ತೆಲುಗು. ಹೀಗೆ ದಿನಕ್ಕೆ ಹತ್ತು ಸಲ ನಾಲಿಗೆ ಹೊರಳಿಸಿಕೊಂಡು ಬಾಳುವ ಜನ ನಾವು. ಒಂದು ಸಂಜೆ ಆ ಹುಡುಗಿ ತೆಲುಗು ಕಿರುಪರೀಕ್ಷೆಯ ಪೇಪರು ತಂದು ನನ್ನ ಮುಂದೆ ಹಿಡಿದಳು. ಪಾಠದಲ್ಲಿ ಇಲ್ಲದ ಒಂದು ಗದ್ಯ, ಅದರ ಕೆಳಗೆ ಐದು ಪ್ರಶ್ನೆ.

"ತಾತಾ, ಐದಕ್ಕೆ ಎರಡೇ ಕೊಟ್ಟವ್ರೆ. ನಾನು ಬರೆದಿದ್ದು ಸರಿಯಾಗೇ ಐತೆ" ಅಂದಳು.

ಗದ್ಯ ಓದಿದೆ. ಕಷ್ಟದ್ದೇನಲ್ಲ, ಒಬ್ಬ ಕಡಲೆಕಾಯಿ ರೈತನ ಕಥೆ. "ವಿತ್ತಡಂ ಆಲಸ್ಯಮೈಂದಿ. ಜೂನ್‌ಲೋ ರಾವಲಸಿನ ವಾನ ಆಗಸ್ಟುಲೋ ವಚ್ಚಿಂದಿ. ಪಂಟ ತಗ್ಗಿಂದಿ" ಅಂತ ಸಾಗುತ್ತದೆ. ರೈತ ಯಾಕೆ ನಷ್ಟ ಹೊಂದಿದ ಎಂಬುದು ಪ್ರಶ್ನೆ. ನಮ್ಮ ಹುಡುಗಿ ಬರೆದ ಉತ್ತರ: "ರೈತು ಸೋಮರಿ ಕಾಬಟ್ಟಿ." ರೈತ ಸೋಮಾರಿ, ಅದಕ್ಕೇ ನಷ್ಟ!

ಮೊದಲು ನಗು ಬಂತು. ಆಮೇಲೆ ಎದೆಗೆ ಚುಚ್ಚಿದ ಹಾಗಾಯಿತು. ಕನ್ನಡದಲ್ಲಿ ಆಲಸ್ಯ ಅಂದರೆ ಮೈಗಳ್ಳತನ. ತೆಲುಗಿನಲ್ಲಿ ಆಲಸ್ಯಂ ಅಂದರೆ ತಡ. ಬಿತ್ತನೆ ತಡವಾಯಿತು ಅಂತ ಗದ್ಯ ಹೇಳಿದರೆ, ಬಿತ್ತನೆಯಲ್ಲಿ ಮೈಗಳ್ಳತನವಾಯಿತು ಅಂತ ಇವಳು ತಿಳಿದಳು. ಆಕಾಶ ನೋಡಿ ನೋಡಿ ಕಣ್ಣು ಸೋತ ರೈತನ ಮನೆಯಲ್ಲಿ ಉಂಡು ಬೆಳೆದ ಮಗುವೇ, ರೈತ ಸೋಮಾರಿ ಅಂತ ಪರೀಕ್ಷೆಯಲ್ಲಿ ಬರೆದು ಬಂದಳಲ್ಲ!

"ಆಲಸ್ಯಂ ಅಂದ್ರೆ ತಡ ಅಂತ ನಂಗೆ ಯಾರೂ ಹೇಳ್ಕೊಟ್ಟಿಲ್ಲ" ಅಂತ ಅವಳ ವಾದ. ನಿಜ, ಯಾರೂ ಹೇಳಿಕೊಟ್ಟಿಲ್ಲ. ಆದರೆ ಅದರ ಪಕ್ಕದ ಸಾಲೇ ಹೇಳಿಕೊಡುತ್ತಿತ್ತು. ಜೂನ್‌ನಲ್ಲಿ ಬರಬೇಕಾದ ಮಳೆ ಆಗಸ್ಟಿನಲ್ಲಿ ಬಂತು ಎಂಬ ಮಾತು ಅಲ್ಲೇ ಇದೆ. ಜೂನ್ ಗೊತ್ತು, ಆಗಸ್ಟು ಗೊತ್ತು, ವಾನ ಅಂದರೆ ಮಳೆ ಅಂತ ಗೊತ್ತು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ್ದರೆ ಆಲಸ್ಯಂ ತಾನಾಗಿ ಬಾಯಿ ಬಿಡುತ್ತಿತ್ತು. ಹುಡುಗಿಗೆ ಕಡಿಮೆಯಾದದ್ದು ಪದಗಳ ಅರ್ಥವಲ್ಲ. ಗೊತ್ತಿಲ್ಲದ ಪದ ಎದುರಾದಾಗ ಅಕ್ಕಪಕ್ಕದವರನ್ನು ವಿಚಾರಿಸುವ ಅಭ್ಯಾಸ. ಆ ಅಭ್ಯಾಸವನ್ನು ನಮ್ಮ ಶಾಲೆಗಳು ಕಲಿಸುತ್ತಿಲ್ಲ, ಮನೆಯಲ್ಲಿ ನಾವೂ ಕಲಿಸುತ್ತಿಲ್ಲ ಎಂಬುದೇ ಈ ಲೇಖನದ ದೂರು.

ಒಂದೇ ವೇಷ, ಬೇರೆ ಮನೆ

ಗಡಿಯ ಮಕ್ಕಳಿಗೆ ಈ ವಿದ್ಯೆ ಬೇರೆಯವರಿಗಿಂತ ಹೆಚ್ಚು ಬೇಕು. ಯಾಕೆಂದರೆ ಕನ್ನಡ ತೆಲುಗು ಎರಡರಲ್ಲೂ ಒಂದೇ ವೇಷ ಹಾಕಿಕೊಂಡು ಬೇರೆ ಬೇರೆ ಮನೆಯಲ್ಲಿ ಸಂಸಾರ ಮಾಡುವ ಪದಗಳು ಬೇಕಾದಷ್ಟಿವೆ. ಕನ್ನಡದ ತೊಂದರೆ ಅಂದರೆ ಕಷ್ಟ, ತೆಲುಗಿನ ತೊಂದರ ಅಂದರೆ ಆತುರ. "ತೊಂದರಗಾ ರಾ" ಅಂದರೆ ಬೇಗ ಬಾ ಅಂತಲೇ ಹೊರತು ತೊಂದರೆ ತಗೊಂಡು ಬಾ ಅಂತಲ್ಲ. ಕನ್ನಡದ ಅವಸರ ಆತುರ, ತೆಲುಗಿನ ಅವಸರಂ ಅಗತ್ಯ. ತೆಲುಗಿನಲ್ಲಿ ಬಡಿ ಅಂದರೆ ಶಾಲೆ. ಕನ್ನಡದಲ್ಲಿ ಬಡಿ ಅಂದರೆ ಹೊಡಿ. ನಾವು ಓದುವ ಕಾಲದಲ್ಲಿ ಎರಡೂ ಒಂದೇ ಜಾಗದಲ್ಲಿ ಸಿಗುತ್ತಿದ್ದವು, ಆ ಮಾತು ಬೇರೆ. ನಮ್ಮಲ್ಲಿ ಕೆರೆ ತುಂಬಿದರೆ ಕೋಡಿ ಬೀಳುತ್ತದೆ. ತೆಲುಗಿನವರ ಕೋಡಿ ಹಿತ್ತಲಲ್ಲಿ ಕೊಕ್ಕೊಕ್ಕೋ ಅನ್ನುತ್ತದೆ, ಅದು ಕೋಳಿ.

ನಮ್ಮ ಹಳ್ಳಿಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ, ಹಾವು ಅನ್ನೋದು ಆವು ಆಗುತ್ತದೆ. ತೆಲುಗಿನಲ್ಲಿ ಆವು ಅಂದರೆ ಹಸು. "ಹೊಲದಾಗೆ ಆವು ಬಂದೈತೆ" ಅಂತ ಕೂಗಿದರೆ ಕನ್ನಡದ ಆಳು ದೊಣ್ಣೆ ಹಿಡಿದು ಓಡುತ್ತಾನೆ, ತೆಲುಗಿನ ಆಳು ಹಗ್ಗ ಹಿಡಿದು ಹೋಗುತ್ತಾನೆ ಅಂತ ನಾವು ತಮಾಷೆ ಮಾಡುವುದುಂಟು. ಹಗ್ಗ ಹಿಡಿದು ಹೋದವನ ಗತಿ ಏನು?

ನಮ್ಮ ತಂದೆಯವರ ಕಾಲದಲ್ಲಿ ಇದು ತಮಾಷೆಯಾಗಿ ಉಳಿಯಲಿಲ್ಲ. ಬಾವಿ ಸಾಲಕ್ಕೆ ಒಂದು ಕಚೇರಿಗೆ ಅರ್ಜಿ ಹಾಕಿದ್ದರು. ತೆಲುಗಿನಲ್ಲಿ ಕಾಗದ ಬಂತು. ಅಪ್ಪನಿಗೆ ಓದು ಅಷ್ಟಕ್ಕಷ್ಟೆ. ಯಾರೋ ಕೊನೆಯ ಸಾಲು ಓದಿ ಹೇಳಿದರು: "ಮಳ್ಳೀ ರಾವಲಸಿನ ಅವಸರಂ ಲೇದು." ಮತ್ತೆ ಬರಲು ಅವಸರವಿಲ್ಲ, ನಿಧಾನಕ್ಕೆ ಬಾ ಅಂದಿದಾರೆ ಅಂತ ಅಪ್ಪ ತಿಳಿದರು. ಮೂರು ತಿಂಗಳು ನಿಧಾನ ಮಾಡಿದರು. ಅದು ಹೇಳಿದ್ದು ಮತ್ತೆ ಬರುವ ಅಗತ್ಯವೇ ಇಲ್ಲ ಅಂತ. ಅರ್ಜಿ ತಿರಸ್ಕಾರವಾಗಿತ್ತು. ಆ ತಿರಸ್ಕಾರದ ಮಾತು ಮೇಲಿನ ಸಾಲಿನಲ್ಲೇ ಇತ್ತು, ಕನ್ನಡದವನಿಗೂ ತಿಳಿಯುವ ಪದದಲ್ಲೇ ಇತ್ತು. ಮೇಲಿನ ಸಾಲನ್ನು ಯಾರೂ ಓದಲಿಲ್ಲ, ಅಪ್ಪನೂ ಕೇಳಲಿಲ್ಲ. ಆ ಮೂರು ತಿಂಗಳಲ್ಲಿ ಬೇರೆ ಕಡೆ ಪ್ರಯತ್ನ ಮಾಡುವ ಕಾಲ ಮುಗಿದುಹೋಗಿತ್ತು. ಮೊಮ್ಮಗಳ ಪೇಪರು ನೋಡಿದ ರಾತ್ರಿ ನನಗೆ ನೆನಪಾದದ್ದು ಆ ಕಾಗದ.

ಎರಡು ಸರ್ಕಾರಗಳೂ ನಮಗೆ ಇಂಥ ಪದ ಕೊಡುತ್ತಲೇ ಬಂದಿವೆ. ಆಂಧ್ರದಲ್ಲಿ 1985ರಲ್ಲಿ ತಾಲ್ಲೂಕು ಹೋಗಿ ಮಂಡಲ ಬಂತು. ಅದೇ ಹೊತ್ತಿಗೆ ಗಡಿಯಾಚೆ ಕರ್ನಾಟಕದಲ್ಲಿ ಮಂಡಲ ಪಂಚಾಯಿತಿ ಅಂತ ಇತ್ತು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಅದು ಗ್ರಾಮ ಪಂಚಾಯಿತಿಯಾಯಿತು. ಒಂದು ಕಡೆ ಮಂಡಲ ಅಂದರೆ ತಾಲ್ಲೂಕಿನ ಬದಲಿಗೆ ಬಂದದ್ದು, ಇನ್ನೊಂದು ಕಡೆ ಕೆಲವು ಹಳ್ಳಿಗಳ ಗುಂಪು. ನಮ್ಮ ಊರಿನ ಅಕ್ಷರ ಬಾರದ ಮುದುಕರೂ ಈ ಎರಡನ್ನು ಬೆರೆಸಿ ಗೊಂದಲ ಮಾಡಿಕೊಳ್ಳಲಿಲ್ಲ. ಮಾತು ಸಿರಾ ಕಡೆಯದೋ ಮಡಕಶಿರಾ ಕಡೆಯದೋ ಅಂತ ಮೊದಲು ನೋಡಿ, ಆಮೇಲೆ ಅರ್ಥ ಮಾಡಿಕೊಂಡರು. ಅಂದರೆ ವಿದ್ಯೆ ನಮ್ಮಲ್ಲಿ ಇದೆ. ಪರೀಕ್ಷೆ ಪೇಪರು ಕಂಡಾಗ ಮಾತ್ರ ಅದು ಮರೆತುಹೋಗುತ್ತದೆ.

ಹೋಲಿಕೆ ಅರ್ಧ ದಾರಿ

ಗಡಿಯ ಮಗುವಿಗೆ ಒಂದು ಅನುಕೂಲವೂ ಇದೆ. ಕನ್ನಡದ ಹಾಲು ತೆಲುಗಿನಲ್ಲಿ ಪಾಲು, ಹುಲಿ ಅಲ್ಲಿ ಪುಲಿ, ಹೂವು ಅಲ್ಲಿ ಪುವ್ವು, ಹಣ್ಣು ಅಲ್ಲಿ ಪಂಡು. ಹಳಗನ್ನಡದಲ್ಲೂ ಇವು ಪಾಲ್, ಪುಲಿ, ಪೂ ಆಗಿಯೇ ಇದ್ದವು. ಆಮೇಲೆ ಕನ್ನಡದಲ್ಲಿ ಪಕಾರ ಹಕಾರವಾಯಿತು. ನಮ್ಮ ಅಮರಾಪುರಂ ಪಕ್ಕದ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಊರು. ಅದರ ಹಳೆಯ ಹೆಸರು ಪೆಂಜೇರು, ಆಮೇಲೆ ಹೆಂಜೇರು. ಊರಿನ ಹೆಸರಿನಲ್ಲೇ ಈ ಪಾಠ ಇದೆ.

ಹಾಗೆಯೇ ನಮ್ಮ ಬೇರು ಅವರ ವೇರು, ನಮ್ಮ ಬೇವು ಅವರ ವೇಪ, ನಮ್ಮ ಬೆಲೆ ಅವರ ವೆಲ, ನಮ್ಮ ಬಿತ್ತು ಅವರ ವಿತ್ತು. ನಮ್ಮ ಕಿವಿ ಅವರ ಚೆವಿ, ನಮ್ಮ ಕೆರೆ ಅವರ ಚೆರುವು, ನಮ್ಮ ಕೆಡು ಅವರ ಚೆಡು. ಈ ಮೂರು ದಾರಿ ತೋರಿಸಿಕೊಟ್ಟರೆ ಮಗು ಎಷ್ಟೋ ತೆಲುಗು ಪದಗಳನ್ನು ತಾನೇ ಗುರುತು ಹಿಡಿಯುತ್ತದೆ. ನಮ್ಮ ಹುಡುಗಿ ವಿತ್ತಡಂ ಅಂದರೆ ಬಿತ್ತುವುದು ಅಂತ ಕಂಡುಕೊಂಡದ್ದು ಹೀಗೆಯೇ.

ಆದರೆ ರೂಪ ಅರ್ಧ ದಾರಿ ಮಾತ್ರ ಕರೆದುಕೊಂಡು ಹೋಗುತ್ತದೆ. ವಿತ್ತಡಂ ವಿಷಯದಲ್ಲಿ ದಡ ಸೇರಿಸಿದ ಹೋಲಿಕೆಯೇ ಆಲಸ್ಯಂ ವಿಷಯದಲ್ಲಿ ನಡುನೀರಿನಲ್ಲಿ ಕೈಬಿಟ್ಟಿತು. ಸಂತೆಯಲ್ಲಿ ಯಾರೋ ನಮ್ಮ ತಮ್ಮನ ಹಾಗೆ ಕಂಡರು ಅಂತ ಹಿಂದಿನಿಂದ ಹೋಗಿ ಭುಜ ತಟ್ಟಿದರೆ ಆಗುತ್ತದೆಯೇ? ಮುಖ ನೋಡಬೇಕು, ಜೊತೆಯಲ್ಲಿ ಯಾರಿದ್ದಾರೆ ನೋಡಬೇಕು. ಪದಕ್ಕೂ ಅಷ್ಟೇ.

ಪಕ್ಕದ ಪದ ಏನನ್ನುತ್ತದೆ?

ಮೊಮ್ಮಗಳಿಗೆ ನಾನು ಮೊದಲು ಕನ್ನಡದ್ದೇ ಒಂದು ವಾಕ್ಯ ಕೊಟ್ಟೆ: "ಹತ್ತು ಜನ ಹತ್ತಿ ಹೊಲದ ಹತ್ತಿರ ಬಸ್ಸು ಹತ್ತಿದರು." ತಟಕ್ಕನೆ ಅರ್ಥ ಹೇಳಿದಳು. "ಎಲ್ಲಾ ಒಂದೇ ಥರ ಕೇಳ್ತವಲ್ಲ, ನಿಂಗೆ ಹೆಂಗೆ ಗೊತ್ತಾಯ್ತು?" ಅಂದೆ. "ಜನ ಅಂತ ಐತಲ್ಲ ತಾತಾ, ಅದಕ್ಕೆ ಅದು ಲೆಕ್ಕದ ಹತ್ತು. ಬಸ್ಸು ಅಂತ ಐತಲ್ಲ, ಅದಕ್ಕೆ ಇದು ಏರೋ ಹತ್ತು" ಅಂದಳು. ನೋಡಿ, ಯಾವ ಮೇಷ್ಟರೂ ಕಲಿಸದೆ ಅವಳಿಗೆ ಬಂದುಬಿಟ್ಟಿದೆ.

ಆಮೇಲೆ ತೆಲುಗಿನಲ್ಲಿ ಒಂದು ಕಟ್ಟಿ ಹೇಳಿದೆ: "ಈ ಏಡು ಏಡು ಮೂಟಲೇ ವಚ್ಚಾಯನಿ ಏಡವಕು." ಸ್ವಲ್ಪ ಹೊತ್ತು ಬಾಯಲ್ಲೇ ಗುನುಗಿಕೊಂಡಳು. ಮೂಟ ಅಂದರೆ ಮೂಟೆ, ಅದರ ಹಿಂದಿನದು ಏಳು. 'ಈ' ಆದ ಮೇಲೆ ಬಂದದ್ದು ವರ್ಷ. ಏಳೇ ಮೂಟೆ ಬಂದರೆ ಮನುಷ್ಯ ಏನು ಮಾಡುತ್ತಾನೆ? ಅಳುತ್ತಾನೆ. "ಈ ವರ್ಷ ಏಳೇ ಮೂಟೆ ಬಂತು ಅಂತ ಅಳಬೇಡ." ಒಂದೇ ಏಡು ಮೂರು ಅರ್ಥ ಕೊಟ್ಟಿತು, ಮೂರನ್ನೂ ಬಿಡಿಸಿದ್ದು ಅಕ್ಕಪಕ್ಕದ ಪದಗಳು.

ಹೀಗೆ ಕೂತು ನೋಡಿದರೆ ಸುಳಿವು ಕೊಡುವ ಪದಗಳು ಹೆಚ್ಚೇನಿಲ್ಲ. ಒಂದು, ಬಿಡಿಸಿ ಹೇಳುವುದು. ಕನ್ನಡದಲ್ಲಿ 'ಅಂದರೆ', ತೆಲುಗಿನಲ್ಲಿ 'ಅಂಟೇ'. ಇದು ಕಂಡರೆ ಮುಂದೆ ಅರ್ಥ ಬರುತ್ತದೆ ಅಂತಲೇ ಲೆಕ್ಕ. ಎರಡು, ತಿರುಗಿಸಿ ಹೇಳುವುದು. 'ಆದರೆ', ಅಲ್ಲಿ 'ಕಾನೀ'. ಇದರ ಆಚೆ ಇರುವುದು ಈಚೆ ಇರುವುದಕ್ಕೆ ಎದುರು. ಮೂರು, ಕಾರಣ ಹೇಳುವುದು. 'ಆದ್ದರಿಂದ', ಅಲ್ಲಿ 'ಕಾಬಟ್ಟಿ'. ಫಲ ಗೊತ್ತಿದ್ದರೆ ಕಾರಣ ಊಹಿಸಬಹುದು, ಕಾರಣ ಗೊತ್ತಿದ್ದರೆ ಫಲ ಊಹಿಸಬಹುದು. ನಾಲ್ಕು, ಪಟ್ಟಿ. ರಾಗಿ, ಸಜ್ಜೆ, ಕೊರ್ರ ಮುಂತಾದವು ಅಂತ ಬಂದರೆ, ಕೊರ್ರ ಅಂದರೆ ಏನು ಅಂತ ತಿಳಿಯದವನಿಗೂ ಅದೊಂದು ಧಾನ್ಯ ಅಂತ ತಿಳಿಯುತ್ತದೆ. ಅದು ನಮ್ಮ ನವಣೆಯೇ. ಐದು, ಇಡೀ ಗದ್ಯದ ಗಾಳಿ. ಮದುವೆಯ ಗದ್ಯದಲ್ಲಿ ಬರುವ ಮುತ್ತು ಕೊರಳಿಗೆ ಹಾಕುವ ಮುತ್ತು, ತೊಟ್ಟಿಲ ಗದ್ಯದಲ್ಲಿ ಬರುವ ಮುತ್ತು ಕೆನ್ನೆಗೆ ಕೊಡುವ ಮುತ್ತು.

ಕೊನೆಯದು, ಎಲ್ಲಕ್ಕಿಂತ ಮುಖ್ಯ: ಸಿಕ್ಕಿದ ಅರ್ಥವನ್ನು ವಾಪಸು ಅದೇ ಜಾಗದಲ್ಲಿ ಇಟ್ಟು, ಮೊದಲಿಂದ ಕೊನೆತನಕ ಇನ್ನೊಂದು ಸಲ ಓದುವುದು. ನೊಗಕ್ಕೆ ಎತ್ತು ಕಟ್ಟಿದ ಮೇಲೆ ಒಂದು ಸುತ್ತು ನಡೆಸಿ ನೋಡುವುದಿಲ್ಲವೇ, ಹಾಗೆ. 'ಬಿತ್ತನೆ ಸೋಮಾರಿಯಾಯಿತು, ಜೂನ್ ಮಳೆ ಆಗಸ್ಟಿಗೆ ಬಂತು' ಅಂತ ಇಟ್ಟು ಓದಿದರೆ ಕಾಲು ಎಡವುತ್ತದೆ. 'ಬಿತ್ತನೆ ತಡವಾಯಿತು' ಅಂತ ಇಟ್ಟರೆ ಸಲೀಸಾಗಿ ನಡೆಯುತ್ತದೆ. ನಮ್ಮ ಹುಡುಗಿ ಈ ಒಂದು ಸುತ್ತು ನಡೆಸಿದ್ದರೆ ಸಾಕಿತ್ತು.

ಇಂಗ್ಲಿಷಿಗೂ ಇದೇ ದಾರಿ

"ತೆಲುಗು ಹೇಗೋ ಆಗುತ್ತೆ, ನಮ್ಮ ಮಕ್ಕಳು ಬೀಳುವುದು ಇಂಗ್ಲಿಷಿನಲ್ಲಿ" ಅಂತ ಓದುಗರು ಅನ್ನಬಹುದು. ನಾನೂ ಅಲ್ಲಿ ಬಿದ್ದವನೇ. 1986ರಲ್ಲಿ ಗಡಿ ದಾಟಿ ಸಿರಾ ಕಡೆಯ ಒಂದು ಹೈಸ್ಕೂಲಿನಲ್ಲಿ ಎಸ್ಸೆಲ್ಸಿ ಮುಗಿಸಿದೆ. ಶಾಲೆಯ ಪರೀಕ್ಷೆಯೊಂದರಲ್ಲಿ ಒಂದು ಹಳ್ಳಿಯ ಗದ್ಯ ಕೊಟ್ಟಿದ್ದರು. "ವಾಟರ್ ಈಸ್ ಸ್ಕೇರ್ಸ್" ಅಂತ ಒಂದು ಮಾತು, "ಸೋ" ಹಾಕಿ, ಹೆಂಗಸರು ಎರಡು ಮೈಲಿ ನಡೆದು ನೀರು ತರುತ್ತಾರೆ ಅಂತ ಇನ್ನೊಂದು ಮಾತು. ಸ್ಕೇರ್ಸ್ ಅಂದರೆ ಅಭಾವ. ನನಗೆ ಗೊತ್ತಿದ್ದದ್ದು ಸ್ಕೇರ್, ಹೆದರಿಕೆ. ಆ ಊರಿನ ಜನ ನೀರಿಗೆ ಹೆದರುತ್ತಾರೆ ಅಂತ ಬರೆದೆ! ಹೆದರುವವರು ಎರಡು ಮೈಲಿ ನಡೆದು ಯಾಕೆ ತರುತ್ತಾರೆ ಅಂತ ನನಗೆ ಹೊಳೆಯಲಿಲ್ಲ. ದಿನಾ ಬೆಳಿಗ್ಗೆ ನಮ್ಮಮ್ಮ ದೂರದ ಬಾವಿಯಿಂದ ನೀರು ಹೊತ್ತು ತರುವುದನ್ನು ಕಂಡವನು ನಾನು. ಆ ಬದುಕನ್ನು ಪರೀಕ್ಷೆ ಕೋಣೆಯ ಹೊರಗೆ ಚಪ್ಪಲಿ ಜೊತೆ ಬಿಟ್ಟು ಒಳಗೆ ಹೋಗಿದ್ದೆ. ಮೊಮ್ಮಗಳು ಮಾಡಿದ ತಪ್ಪನ್ನು ಅವಳ ತಾತ ಆಗಲೇ ಮಾಡಿ ಮುಗಿಸಿದ್ದ.

ಇನ್ನೊಂದು ಉದಾಹರಣೆ. "ರಾಮಣ್ಣ ಈಸ್ ಫ್ರೂಗಲ್, ಬಟ್ ಹಿಸ್ ಬ್ರದರ್ ಸ್ಪೆಂಡ್ಸ್ ಆಲ್ ಹಿಸ್ ಮನಿ." ಫ್ರೂಗಲ್ ಗೊತ್ತಿಲ್ಲ, ಬಿಡಿ. ತಮ್ಮ ಇರುವ ದುಡ್ಡೆಲ್ಲ ಖರ್ಚು ಮಾಡುತ್ತಾನೆ ಅಂತ ಗೊತ್ತಾಯಿತಲ್ಲ. ನಡುವೆ 'ಬಟ್' ನಿಂತಿದೆ. ಹಾಗಾದರೆ ಅಣ್ಣ ಅದಕ್ಕೆ ಎದುರು, ಕೈ ಹಿಡಿತದವನು. ಇಂಗ್ಲಿಷ್ ಸರಿಯಾಗಿ ಬರದವನಿಗೂ ಇದು ಬಗೆಹರಿಯುತ್ತದೆ. ಬಟ್, ಸೋ, ಬಿಕಾಸ್, ಸಚ್ ಆ್ಯಸ್, ದಟ್ ಈಸ್ ಈ ಐದಾರು ಪದಗಳನ್ನು ಮಗುವಿಗೆ ಗಟ್ಟಿ ಮಾಡಿಸಿದರೆ, ಐವತ್ತು ಪದದ ಅರ್ಥ ಉರು ಹೊಡೆಸುವುದಕ್ಕಿಂತ ಹೆಚ್ಚು ಉಪಯೋಗ.

ಈಗ ತರಗತಿಗಳಲ್ಲಿ ನಡೆಯುತ್ತಿರುವುದೇನು? ಪ್ರಶ್ನೆಯಲ್ಲಿ ಇರುವ ಪದ ಗದ್ಯದಲ್ಲಿ ಎಲ್ಲಿದೆ ಅಂತ ಕಣ್ಣು ಹಾಯಿಸು, ಆ ಸಾಲನ್ನು ಹಾಗೇ ಎತ್ತಿ ಬರೆ. ಇದಕ್ಕೂ ಅಂಕ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಪ್ರಶ್ನೆ ಕೇಳುವವರು ಒಂದು ಪದ ಬದಲಾಯಿಸಿದರೆ ಮಗು ಕಂಗಾಲು. ಪಾಸಾದ ಮಕ್ಕಳೂ ಬ್ಯಾಂಕಿನ ನೋಟಿಸು ಓದಲಾರದೆ ಇನ್ನೊಬ್ಬರ ಮುಖ ನೋಡುವುದು ಇದರಿಂದಲೇ.

ಊಹೆಯೋ, ವಿಚಾರಣೆಯೋ?

ನಮಗೆ ಬೇಕಾದ ಒಬ್ಬ ಮೇಷ್ಟರ ಹತ್ತಿರ ಈ ಮಾತೆತ್ತಿದೆ. "ಊಹೆ ಮಾಡೋದು ಕಲಿಸಿದರೆ ಮಕ್ಕಳು ಬಾಯಿಗೆ ಬಂದದ್ದು ಬರೀತಾರೆ ಕಣ್ರೀ. ನಿಘಂಟು ನೋಡೋ ಅಭ್ಯಾಸ ಮಾಡಿಸಬೇಕು" ಅಂದರು. ಅವರ ಮಾತಿನಲ್ಲಿ ಹುರುಳಿದೆ. ನಿಘಂಟು ಬೇಡವೆಂದು ನಾನು ಹೇಳುತ್ತಿಲ್ಲ. ಎರಡು ಭಾಷೆಯಲ್ಲಿ ನಾಲ್ಕು ಪದ್ಯ ಬರೆದುಕೊಂಡಿರುವ ನನಗೆ ನಿಘಂಟು ಮನೆದೇವರಿದ್ದ ಹಾಗೆ. ಆದರೆ ಪರೀಕ್ಷೆ ಕೋಣೆಗೆ ಅದನ್ನು ಬಿಡುವುದಿಲ್ಲ. ಬಿಟ್ಟರೂ ಒಂದು ಪದಕ್ಕೆ ಅಲ್ಲಿ ಐದು ಅರ್ಥ ಕೊಟ್ಟಿರುತ್ತಾರೆ. ಕನ್ನಡದ ಹರಿ ಪದ ತೆಗೆಯಿರಿ. ವಿಷ್ಣುವೂ ಹೌದು, ನೀರು ಹರಿಯುವುದೂ ಹೌದು, ಬಟ್ಟೆ ಹರಿಯುವುದೂ ಹೌದು. ಐದರಲ್ಲಿ ಯಾವುದನ್ನು ಆರಿಸಬೇಕು ಅಂತ ನಿಘಂಟು ಹೇಳುವುದಿಲ್ಲ. ಅದನ್ನು ಹೇಳುವುದು ಮತ್ತೆ ಆ ವಾಕ್ಯವೇ.

ಊಹೆಗೂ ವಿಚಾರಣೆಗೂ ವ್ಯತ್ಯಾಸವಿದೆ. ಆಲಸ್ಯಂ ನೋಡಿದ ಕೂಡಲೇ ಸೋಮಾರಿ ಅಂದದ್ದು ಊಹೆ. ಜೂನ್, ಆಗಸ್ಟು, ಮಳೆ ಈ ಮೂವರನ್ನೂ ಸಾಕ್ಷಿ ಕರೆದು ಕೇಳಿದ್ದರೆ ಅದು ವಿಚಾರಣೆ. ಊರಿಗೆ ಹೊಸಬ ಬಂದರೆ ನಾವು ಹಾಗೇ ಬಿಡುತ್ತೇವೆಯೇ? ಯಾರ ಮನೆಗೆ ಬಂದೆ, ಯಾವ ಊರು, ಯಾರ ಕಡೆಯವನು ಅಂತ ಕೇಳುವುದಿಲ್ಲವೇ? ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ವ್ಯಾಪಾರ ಮಾಡುವ ನಮ್ಮ ಜನ ದಲ್ಲಾಳಿಯ ಬಾಯಿಂದ ಹೊಸ ಪದ ಬಿದ್ದರೆ ಗಾಬರಿಯಾಗುವುದಿಲ್ಲ. ಅವನ ಮುಖ, ತಕ್ಕಡಿ, ಆಚೀಚೆ ಬಂದ ರೇಟು ನೋಡಿ ಅರ್ಥ ಹಿಡಿಯುತ್ತಾರೆ. ಕಾಸಿನ ವಿಷಯ ಬಂದಾಗ ನಮಗೆ ಈ ವಿಚಾರಣೆ ಚೆನ್ನಾಗಿ ಗೊತ್ತು. ಅದನ್ನೇ ಮಕ್ಕಳ ಪುಸ್ತಕದ ಮುಂದೆ ಕೂತಾಗ ಮಾಡಿ ತೋರಿಸಬೇಕು.

ಇದಕ್ಕೆ ಮಿತಿಯೂ ಇದೆ, ಅದನ್ನೂ ಮಕ್ಕಳಿಗೆ ಹೇಳಬೇಕು. ಹತ್ತು ಪದದ ಸಾಲಿನಲ್ಲಿ ಒಂದು ಗೊತ್ತಿಲ್ಲದಿದ್ದರೆ ಉಳಿದ ಒಂಬತ್ತು ಸಹಾಯಕ್ಕೆ ಬರುತ್ತವೆ. ಐದು ಗೊತ್ತಿಲ್ಲದಿದ್ದರೆ ಯಾರು ಯಾರಿಗೆ ಸಾಕ್ಷಿ? ಆದ್ದರಿಂದ ಪದ ಕಲಿಯುವುದು, ಓದುವುದು ತಪ್ಪಿದ್ದಲ್ಲ. ಕೆಲವು ವಾಕ್ಯಗಳು ಸುಳಿವೇ ಕೊಡುವುದಿಲ್ಲ, ಅಲ್ಲಿ ಬಿಟ್ಟು ಮುಂದೆ ಹೋಗಬೇಕು. ಮತ್ತೆ ಪರೀಕ್ಷೆಯಲ್ಲಿ ತಪ್ಪಿದರೆ ಹೋಗುವುದು ಒಂದು ಅಂಕ. ಬೆಳೆಗೆ ಹೊಡೆಯುವ ಔಷಧಿ ಡಬ್ಬಿಯ ಮೇಲಿನ ಮಾತು ತಪ್ಪಾಗಿ ತಿಳಿದರೆ ಹೋಗುವುದು ಜೀವ. ಅದರ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಲ್ಲಕ್ಕಿಂತ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಆ ಬಣ್ಣವೂ ಒಂದು ಸುಳಿವೇ. ಆದರೆ ನೀರಿಗೆ ಎಷ್ಟು ಬೆರೆಸಬೇಕು ಎಂಬ ಜಾಗದಲ್ಲಿ ಪದ ತಿಳಿಯದಿದ್ದರೆ ಅಲ್ಲಿ ಸುಳಿವು ಹುಡುಕಿಕೊಂಡು ಕೂರಬಾರದು, ತಿಳಿದವರನ್ನು ಕೇಳಲೇಬೇಕು. ಎಲ್ಲಿ ಅರ್ಥ ಊಹಿಸಬಹುದು, ಎಲ್ಲಿ ಊಹಿಸಬಾರದು ಅಂತ ತಿಳಿಯುವುದೂ ಓದಿನ ಭಾಗವೇ.

ಆಗಬೇಕಾದ್ದು

ಶಾಲೆಗಳಿಗೆ ನನ್ನ ಕೋರಿಕೆ ದೊಡ್ಡದಲ್ಲ. ವಾರಕ್ಕೆ ಒಂದು ಪೀರಿಯಡ್ ಸಾಕು. ಪಾಠದಲ್ಲಿ ಇಲ್ಲದ ಹತ್ತು ಸಾಲು ಬೋರ್ಡಿನ ಮೇಲೆ ಬರೆಯಿರಿ. ಗೊತ್ತಿಲ್ಲದ ಪದಕ್ಕೆ ಮಗು ಅರ್ಥ ಹೇಳಿದಾಗ, ಸರಿ ತಪ್ಪು ಅನ್ನುವುದಕ್ಕೆ ಮುಂಚೆ "ಯಾವ ಪದ ನಿನಗೆ ಹೇಳಿತು?" ಅಂತ ಕೇಳಿ. ಸುಳಿವು ತೋರಿಸಿದ ಮಗುವಿಗೆ ಅರ್ಥ ಸ್ವಲ್ಪ ಆಚೀಚೆಯಾದರೂ ಅರ್ಧ ಅಂಕ ಕೊಡಿ. ಯೋಚನೆ ಕನ್ನಡದಲ್ಲಿ ನಡೆಯಲಿ. ತೆಲುಗು ಗದ್ಯವಾಗಲಿ, ಇಂಗ್ಲಿಷ್ ಗದ್ಯವಾಗಲಿ, ಸುಳಿವನ್ನು ಮಗು ತನ್ನ ಮನೆಮಾತಿನಲ್ಲಿ ಚರ್ಚೆ ಮಾಡಲಿ. ಕನ್ನಡ ಮಾಧ್ಯಮದಲ್ಲಿ ಹಾಕಿ ಮಕ್ಕಳ ಕಾಲು ಕಟ್ಟಿಹಾಕಿದಿರಿ ಅಂತ ನಮ್ಮನ್ನು ಆಡಿಕೊಳ್ಳುವವರಿದ್ದಾರೆ. ಮನೆಮಾತಿನಲ್ಲಿ ವಾಕ್ಯವನ್ನು ವಿಚಾರಿಸಲು ಕಲಿತ ಮಗು ಬೇರೆ ಭಾಷೆಯ ವಾಕ್ಯವನ್ನೂ ವಿಚಾರಿಸುತ್ತದೆ ಎಂಬುದೇ ಅವರಿಗೆ ಉತ್ತರ.

ಪ್ರಶ್ನೆಪತ್ರಿಕೆ ತೆಗೆಯುವವರಿಗೂ ಒಂದು ಮಾತು. ಮಗು ಕಂಡಿಲ್ಲದ ಲೋಕದ ಗದ್ಯ ಕೊಟ್ಟು, ಅದರಲ್ಲಿ ಕೇಳಿಲ್ಲದ ಪದ ತುಂಬಿ, ಸುಳಿವಿನ ಸಾಲನ್ನೂ ಕತ್ತರಿಸಿದರೆ ಅದು ಓದಿನ ಪರೀಕ್ಷೆಯಾಗುವುದಿಲ್ಲ. ಪಾಪ, ನಮ್ಮ ಹುಡುಗಿಯ ಪೇಪರು ಹಾಗಿರಲಿಲ್ಲ. ಅದರಲ್ಲಿ ಸುಳಿವು ಇತ್ತು. ತಪ್ಪು ಪೇಪರಿನದಲ್ಲ, ನಮ್ಮದು.

ತಂದೆತಾಯಿಗಳಿಗೆ, ಅದರಲ್ಲೂ ನಮಗೆ ಅಷ್ಟು ಓದಿಲ್ಲ ಅಂತ ಹಿಂದೆ ಸರಿಯುವವರಿಗೆ, ಇನ್ನೊಂದು ಮಾತು. ಒಗಟು ಬಿಡಿಸಲು ನಿಮಗೆ ಬರುತ್ತದೆ ತಾನೇ? ತೆಲುಗಿನವರು ಪೊಡುಪು ಕಥ ಅನ್ನುತ್ತಾರೆ. ಹೆಸರು ಹೇಳದೆ ಗುಣ ಹೇಳಿ ವಸ್ತು ಕಂಡುಹಿಡಿ ಅನ್ನುವುದೇ ಒಗಟು. ಪರೀಕ್ಷೆಯ ಗೊತ್ತಿಲ್ಲದ ಪದವೂ ಒಂದು ಒಗಟೇ, ಗುಣಗಳು ಅಕ್ಕಪಕ್ಕದಲ್ಲಿ ಕೂತಿರುತ್ತವೆ. ಅಕ್ಷರ ಬಾರದ ಅಜ್ಜಿಯೂ ಈ ಪಾಠ ಮಾಡಬಲ್ಲಳು.

ನಮ್ಮ ಮನೆಯಲ್ಲಿ ಈಗ ರಾತ್ರಿ ಊಟವಾದ ಮೇಲೆ ಒಂದು ಕೆಲಸ ನಡೆಯುತ್ತದೆ. ಪೇಪರಿನಲ್ಲಿ ಯಾವುದಾದರೂ ಒಂದು ಸುದ್ದಿ ತೆಗೆದು, ನಡುವಿನ ಒಂದು ಪದವನ್ನು ನಾನು ಹೆಬ್ಬೆರಳಿನಿಂದ ಮುಚ್ಚುತ್ತೇನೆ. ಅವಳು ಹಿಂದೆ ಮುಂದೆ ಓದಿ ಅಲ್ಲಿ ಏನಿರಬೇಕು ಅಂತ ಹೇಳಬೇಕು. ಕೆಲವು ಸಲ ಹೇಳುತ್ತಾಳೆ, ಕೆಲವು ಸಲ ತಪ್ಪುತ್ತಾಳೆ. ಮೊನ್ನೆ ಅವಳು ಮುಚ್ಚಿದ ಪದ ನನಗೇ ಹೊಳೆಯಲಿಲ್ಲ. "ಮೇಲಿನ ಸಾಲು ಓದು ತಾತಾ" ಅಂತ ಗದರಿಸಿದಳು. ನಮ್ಮಪ್ಪನಿಗೆ ಅಂದು ಯಾರಾದರೂ ಹೀಗೆ ಗದರಿಸಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು.

ಈ ಲೇಖನವನ್ನೂ ಇವತ್ತು ರಾತ್ರಿ ನಿಮ್ಮ ಮನೆಯ ಮಗುವಿನ ಮುಂದೆ ಇಡಿ. ಒಂದು ಪದದ ಮೇಲೆ ಬೆರಳಿಟ್ಟು ಕೇಳಿ. ಖರ್ಚೇನೂ ಇಲ್ಲ, ಹತ್ತು ನಿಮಿಷದ ಕೆಲಸ. ಈ ಕೆಲಸಕ್ಕೆ ಮಾತ್ರ, ದಯವಿಟ್ಟು, ಎರಡೂ ಭಾಷೆಯ ಆಲಸ್ಯ ಬೇಡ.